ಟೋಪಿಯ ಕೆಳಗಿನ ಕತ್ತಲೆ

ಸೋಫಿಯಾ, ಮಾರ್ಚ್ 29, 1982, ಸೋಮವಾರ

ಕೊನೆಗೂ ಚಿನ್ನ ಬಂತು. ಚೆರ್ವೆನ್ ದೋಲ್ ಎಂಬ ಸಣ್ಣ ಊರಿನ ಮ್ಯೂಸಿಯಂನಿಂದ ಕುದುರೆ ತಲೆಯ ಪಾನಪಾತ್ರೆ, ಎರಡು ಸಾವಿರ ವರ್ಷಕ್ಕೂ ಹಳೆಯದು. ಆ ಊರಿನವರಿಗೆ ಇರುವುದು ಇದೊಂದೇ ಚಿನ್ನವಂತೆ. ಕುದುರೆಯ ಒಂದು ಕಿವಿ ಸ್ವಲ್ಪ ಜಜ್ಜಿದೆ. ಅದನ್ನೂ ಕೂದಲೆಳೆಯಷ್ಟು ಬಿಡದೆ ಹಿಡಿಯುತ್ತೇನೆ.

ಒಪ್ಪಂದ ಸರಳವಾಗಿದೆ. ಮೇ ಐದರೊಳಗೆ ನಾನು ಇದರ ಹಾಲೊಗ್ರಾಮ್, ಅಂದರೆ ಲೇಸರ್ ಬೆಳಕಿನಲ್ಲಿ ಗಾಜಿನ ಪ್ಲೇಟಿನ ಮೇಲೆ ಹಿಡಿದ ಮೂರು ಆಯಾಮದ ಚಿತ್ರ, ಮಾಡಿ ಕೊಟ್ಟರೆ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಅದೇ ಹೋಗುತ್ತದೆ, ಅದರ ಜೊತೆ ನಾನೂ ಹೋಗುತ್ತೇನೆ, ಪಾತ್ರೆ ತನ್ನೂರಿಗೆ ಮರಳುತ್ತದೆ. ಕೊಡದಿದ್ದರೆ ಪಾತ್ರೆಯೇ ಮೂರು ವರ್ಷ ದೇಶ ದೇಶ ತಿರುಗುತ್ತದೆ, ನನ್ನ ಪ್ರಯೋಗಾಲಯ ಮುರಿದ ಕುರ್ಚಿಗಳ ಉಗ್ರಾಣವಾಗುತ್ತದೆ. ನಮ್ಮ ಸಂಸ್ಥೆಯ ನಿರ್ದೇಶಕ ವರ್ಬಾನ್ ಆಗಲೇ ಒಬ್ಬ ಬಡಗಿಯನ್ನು ಕಳಿಸಿ ಬಾಗಿಲಿನ ಅಗಲ ಅಳೆಸಿದ್ದಾನೆ. ಗಾಜಿನ ಪ್ಲೇಟು ಇರುವುದು ಹನ್ನೆರಡು. ನನಗೆ ಎರಡು ಸಾಕು.

ಹೆಂಡತಿ ಸ್ನೆಝಾ ಪ್ಯಾರಿಸ್ಸಿನಿಂದ ತರಬೇಕಾದ ಸಾಮಾನಿನ ಪಟ್ಟಿ ಶುರು ಮಾಡಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಸೂಪು ತುಳುಕಿ ಬಟ್ಟೆ ಮೇಲೆ ಬಿತ್ತು. ನಮ್ಮ ಊಟದ ಮೇಜಿನ ಕಾಲು ಕುಂಟು. ಸ್ನೆಝಾ ಅದಕ್ಕೆ ಬೇರೆ ಕಾರಣ ಹೇಳುತ್ತಾಳೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮಾರ್ಚ್ 31, ಬುಧವಾರ

ಪಾತ್ರೆಯ ಜೊತೆ ಒಬ್ಬ ಪೊಲೀಸಿನವನೂ ಬಂದಿದ್ದಾನೆ. ಹೆಸರು ಗಾನ್ಚೊ, ಸಾರ್ಜೆಂಟು. ಐವತ್ತೈದರ ಆಸುಪಾಸು, ಕುಂಬಳಕಾಯಿಯಂಥ ತಲೆ, ಅದರ ಮೇಲೆ ನಕ್ಷತ್ರವಿರುವ ಟೋಪಿ. ಮಾರ್ಚ್ ಒಂದಕ್ಕೆ ಎಲ್ಲರೂ ಕಟ್ಟಿಕೊಳ್ಳುವ ಕೆಂಪು ಬಿಳಿ ದಾರ ಇನ್ನೂ ಅವನ ಮಣಿಕಟ್ಟಿನಲ್ಲಿದೆ. ಕೊಕ್ಕರೆ ಕಂಡ ಮೇಲೆ ಬಿಚ್ಚಿ ಹೂಬಿಟ್ಟ ಗಿಡಕ್ಕೆ ಕಟ್ಟಬೇಕಲ್ಲ, ಇವನಿಗೆ ಈ ವರ್ಷ ಇನ್ನೂ ಕಂಡಿಲ್ಲವಂತೆ.

ಇವನು ಕಾಯುವುದಾದರೆ ಬಾಗಿಲಾಚೆ ಕಾಯಲಿ, ನನ್ನ ಅಭ್ಯಂತರವಿಲ್ಲ. ಆದರೆ ಇವನ ಬಳಿ ಒಂದು ನಿಯಮಾವಳಿಯ ಪುಸ್ತಕವಿದೆ. ಅದರ ಪ್ರಕಾರ ಸಮವಸ್ತ್ರದ ಕಾವಲು ವಸ್ತುವಿನಿಂದ ಒಂದು ಮೀಟರಿನ ಒಳಗಿರಬೇಕು. ಸಂಜೆ ಆರಕ್ಕೆ ಪಾತ್ರೆ ಪೆಟ್ಟಿಗೆಯೊಳಗೆ ಹೋಗಬೇಕು. ಅಂದರೆ ಟ್ರಾಮು ನಿಂತು ಊರು ಮಲಗಿದ ಮೇಲೆ ಕೆಲಸ ಮಾಡುವ ಹಾಗಿಲ್ಲ. ಎಲ್ಲ ಅಲುಗಾಡುವ ಹೊತ್ತಿನಲ್ಲಿ, ಎಲ್ಲ ಅಲುಗಾಡಿಸುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲೋಕದಲ್ಲೇ ಅತ್ಯಂತ ನಿಶ್ಚಲವಾದ ಕೆಲಸವನ್ನು ನಾನು ಮಾಡಬೇಕು.

ಮೊದಲ ಪ್ಲೇಟಿಗೆ ಬೆಳಕು ಹಿಡಿದು ರಾಸಾಯನಿಕದಲ್ಲಿ ತೊಳೆದೆ. ಏನೂ ಇಲ್ಲ. ಹನ್ನೊಂದು ಉಳಿದವು.

ಏಪ್ರಿಲ್ 2, ಶುಕ್ರವಾರ

ಇನ್ನೆರಡು ಹೋದವು.

ಸುಮ್ಮನೆ ಕೂತರೆ ಸೂರ್ಯಕಾಂತಿ ಬೀಜ ಕಟಕಟ ಕಡಿಯುತ್ತಾನೆಂದು ಗಾನ್ಚೊಗೆ ಒಂದು ಕೆಲಸ ಕೊಟ್ಟೆ: ದಾರ ಹಿಡಿದು ಬೆಳಕಿನ ದಾರಿ ಅಳೆಯುವುದು. ಲೇಸರಿನಿಂದ ಹೊರಟ ಕೆಂಪು ಬೆಳಕು ಒಂದು ಅರೆಗನ್ನಡಿಯ ಹತ್ತಿರ ಎರಡಾಗುತ್ತದೆ. ಒಂದು ನೇರವಾಗಿ ಪ್ಲೇಟಿಗೆ ಹೋಗುತ್ತದೆ, ಇನ್ನೊಂದು ಪಾತ್ರೆಯನ್ನು ಮುಟ್ಟಿ ಬರುತ್ತದೆ. ಎರಡೂ ನಡೆದ ದೂರ ಹೆಚ್ಚುಕಮ್ಮಿ ಸಮನಾಗಿರಬೇಕು. ಬಹಳ ವ್ಯತ್ಯಾಸವಾದರೆ ಒಂದೇ ಮನೆಯಿಂದ ಹೊರಟವುಗಳೇ ಪರಸ್ಪರ ಗುರುತು ಹಿಡಿಯುವುದಿಲ್ಲ. ಇದನ್ನೆಲ್ಲ ಅವನಿಗೆ ಯಾಕೆ ವಿವರಿಸಿದೆನೋ ತಿಳಿಯದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದುಕೊಂಡಿದ್ದೆ.

ಅವನು ತಲೆ ಕೆರೆದುಕೊಂಡು, ಎರಡೂ ಬಂದು ಸೇರಿದ ಮೇಲೆ ಏನಾಗುತ್ತದೆ ಎಂದ. ಕೊಳದಲ್ಲಿ ಎರಡು ಕಡೆಯಿಂದ ಅಲೆ ಬಂದು ಸೇರಿದ ಹಾಗೆ ಎಂದೆ. ಉಬ್ಬಿಗೆ ಉಬ್ಬು ಸಿಕ್ಕರೆ ದುಪ್ಪಟ್ಟು ಉಬ್ಬು, ಉಬ್ಬಿಗೆ ತಗ್ಗು ಸಿಕ್ಕರೆ ಎರಡೂ ಸಮ. ಹಾಗೇ ಕೆಲವು ಕಡೆ ಬೆಳಕಿಗೆ ಬೆಳಕು ಕೂಡಿ ಹೆಚ್ಚು ಬೆಳಕು, ಕೆಲವು ಕಡೆ ಬೆಳಕಿಗೆ ಬೆಳಕು ಕೂಡಿ ಕತ್ತಲೆ. ಆ ಬೆಳಕು ಕತ್ತಲೆಯ ಸಣ್ಣ ಪಟ್ಟೆಗಳನ್ನೇ ಪ್ಲೇಟು ನೆನಪಿಟ್ಟುಕೊಳ್ಳುತ್ತದೆ, ಅದರೊಳಗೆ ಇಡೀ ಪಾತ್ರೆ ಇರುತ್ತದೆ.

"ಬೆಳಕಿಗೆ ಬೆಳಕು ಸೇರಿ ಕತ್ತಲೆ ಆಯ್ತದೆ ಅನ್ನೋದು ನಂಗೊತ್ತು ಮೇಷ್ಟ್ರೇ," ಎಂದ. "ನಮ್ಮವ್ವನೂ ಬೆಳಕೇ, ನನ್ನ ಹೆಂಡ್ತೀನೂ ಬೆಳಕೇ. ಇಬ್ರನ್ನೂ ಒಂದೇ ಅಡಿಗೆಮನೇಲಿ ಬಿಟ್ಟು ನೋಡಿ."

ಉದಾಹರಣೆ ತಪ್ಪೇನಲ್ಲ. ಹಾಗೆಂದು ಅವನಿಗೆ ಹೇಳಲಿಲ್ಲ.

ಏಪ್ರಿಲ್ 7, ಬುಧವಾರ

ಶತ್ರು ಸಿಕ್ಕಿದ. ಅಲುಗಾಟ ಕಾಣಲೆಂದು, ಪಾತ್ರೆ ಕನ್ನಡಿಗಳೆಲ್ಲ ಕೂತಿರುವ ಚಪ್ಪಡಿಯ ಮೇಲೆ ಇನ್ನೆರಡು ಕನ್ನಡಿ ಇಟ್ಟು, ಅದೇ ಪಟ್ಟೆಗಳನ್ನು ದೊಡ್ಡದಾಗಿ ಗೋಡೆಗೆ ಬೀಳಿಸಿದ್ದೇನೆ. ಚಪ್ಪಡಿ ಆರು ಲಾರಿ ಟ್ಯೂಬುಗಳ ಮೇಲೆ ಕೂತ ಅರ್ಧ ಟನ್ನಿನ ಕಲ್ಲು. ಆದರೂ ಕೂದಲಿನ ನೂರರಲ್ಲೊಂದು ಪಾಲು ಅಲುಗಿದರೆ ಸಾಕು, ಗೋಡೆಯ ಮೇಲಿನ ಪಟ್ಟೆ ಓಡುತ್ತದೆ. ಮಧ್ಯಾಹ್ನ ಗಾನ್ಚೊ ಹುರುಳಿಕಾಯಿ ಬೀಜದ ಸಾರು ಎರಡು ಬಟ್ಟಲು ಕುಡಿದು ಬಂದು ಕೂತ. ಅವನ ಹೊಟ್ಟೆ ಒಂದು ಸಲ ಗುರ್ ಎಂದಿತು, ಗೋಡೆಯ ಮೇಲೆ ಮೂರು ಪಟ್ಟೆ ಜಾರಿದವು. ನಾನು ಕೋಪದಿಂದ ನಡುಗಿಬಿಟ್ಟೆ. ಪಟ್ಟೆಗಳು ಆಗ ಮೀನಿನ ಹಿಂಡಿನ ಹಾಗೆ ಕಲಸಿಹೋದವು. ಅದೂ ಸಾರಿನದೇ ಮುಂದುವರಿಕೆ ಇರಬೇಕು.

ಎರಡು ಪ್ಲೇಟು ಹೋದವು. ಏಳು ಉಳಿದಿವೆ. ನಾಳೆಯಿಂದ ಅವನಿಗೆ ಮೊಸರು ಮಾತ್ರ ಎಂದು ಆಜ್ಞೆ ಮಾಡಿದ್ದೇನೆ. ಮರುಮಾತಿಲ್ಲದೆ ಒಪ್ಪಿದ. ಮೇ ಆರಕ್ಕೆ, ಸಂತ ಗೆಯೋರ್ಗಿಯ ಹಬ್ಬಕ್ಕೆ, ಅವನು ಪಾತ್ರೆಯ ಜೊತೆ ಊರಲ್ಲಿರಬೇಕಂತೆ. ಪಾತ್ರೆ ಬಿಟ್ಟು ಬಂದರೆ ಊರವರು ಮನೆಯೊಳಗೆ ಸೇರಿಸುವುದಿಲ್ಲ ಎಂದ.

ಏಪ್ರಿಲ್ 9, ಶುಕ್ರವಾರ

ಗೋಡೆಯ ಪಟ್ಟೆ ನೋಡಿಯೇ ಕಾರಿಡಾರಿನಲ್ಲಿ ಯಾರು ನಡೆಯುತ್ತಿದ್ದಾರೆ ಎಂದು ಈಗ ಹೇಳಬಲ್ಲೆ. ಕಸ ಗುಡಿಸುವವಳದ್ದು ಸಣ್ಣ ನಡುಕ, ಬಕೆಟ್ ಇಟ್ಟಾಗ ಒಂದು ದೊಡ್ಡ ಜಿಗಿತ. ವರ್ಬಾನ್ ಬಂದರೆ ಒಂದೇ ಕಡೆಗೆ ನಿಧಾನವಾಗಿ ಜಾರುತ್ತವೆ. ಮನುಷ್ಯ ಯಾವತ್ತೂ ಗಾಳಿ ಬಂದ ಕಡೆಗೇ ವಾಲುವವನು.

ನಿರ್ದೇಶಕರಿಗೆ ಪತ್ರ ಬರೆದೆ: ಮಧ್ಯಾಹ್ನ ಎರಡರಿಂದ ಎರಡೂವರೆ ತನಕ ಇಡೀ ಕಟ್ಟಡದಲ್ಲಿ ಯಾರೂ ಕದಲಬಾರದು. ಪತ್ರವನ್ನು ನಾನೇ ಕೈಯಾರೆ ಕೊಂಡುಹೋಗಿ ಕೊಟ್ಟೆ. ವಾಪಸ್ಸು ಬಂದಾಗ ಪಟ್ಟೆಗಳು ಬಣ್ಣ ಬಳಿದ ಹಾಗೆ ನಿಂತಿದ್ದವು. ಹತ್ತು ನಿಮಿಷದಿಂದ ಹೀಗೇ ಇವೆ ಎಂದ ಗಾನ್ಚೊ. ನಾನು ಸ್ಟೂಲಿನ ಮೇಲೆ ಕೂತದ್ದೇ ತಡ, ಟ್ರಾಮು ಬಂದಿರಬೇಕು, ಎಲ್ಲ ಕೆಟ್ಟಿತು.

ಏಪ್ರಿಲ್ 14, ಬುಧವಾರ

ನನ್ನ ಪತ್ರಕ್ಕೆ ಫಲ ಸಿಕ್ಕಿದೆ. ಮೂವರ ನಿಶ್ಚಲತಾ ಸಮಿತಿ ನೇಮಕವಾಗಿದೆ. ಎರಡು ಗಂಟೆಗೆ ಸರಿಯಾಗಿ ಸೈರನ್ ಕೂಗಿತು. ಎಲ್ಲರೂ ಇದ್ದಲ್ಲೇ ನಿಂತರು. ಆಮೇಲೆ ಯಾರಾದರೂ ಕದಲುತ್ತಿದ್ದಾರೋ ಎಂದು ನೋಡಲು ಸಮಿತಿಯ ಮೂವರೂ ಬೂಟು ಹಾಕಿಕೊಂಡು ನಾಲ್ಕು ಮಹಡಿ ಹತ್ತಿ ಇಳಿದರು, ಪ್ರತಿ ಬಾಗಿಲನ್ನೂ ತೆಗೆದು ನೋಡಿದರು, ನೋಡಿ ಧಡಾರನೆ ಹಾಕಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ನನ್ನ ಬಾಗಿಲನ್ನೂ ತೆಗೆದರು. ಪ್ಲೇಟು ಹಾಳಾಯಿತು. ಪ್ರಯೋಗಾಲಯದಲ್ಲಿ ಯಾರೂ ಕದಲುತ್ತಿರಲಿಲ್ಲ ಎಂದು ಬರೆದುಕೊಂಡು ನನ್ನ ಸಹಿ ಹಾಕಿಸಿಕೊಂಡರು.

ಆರು.

ಏಪ್ರಿಲ್ 16, ಶುಕ್ರವಾರ

ಐದು. ವರ್ಬಾನ್ ಖುದ್ದಾಗಿ ನೋಡಲು ಬಂದ. ಒಳಗೆ ಬಂದವನು ಮೊದಲು ಮಾಡಿದ ಕೆಲಸ ಚಪ್ಪಡಿಯ ಮೇಲೆ ಮೊಣಕೈ ಊರಿದ್ದು.

"ಏನ್ರೀ ಲ್ಯುಬೆನ್, ಜರ್ಮನಿಯವರಿಗೆ ಆಗುತ್ತೆ, ರಷ್ಯಾದವರಿಗೆ ಆಗುತ್ತೆ. ನಮ್ಮ ಬೆಳಕಿಗೇನು ರೋಗ?" ಎಂದ.

ನೆಲದ್ದು ಎಂದೆ. ಈ ಕಟ್ಟಡದ ನೆಲವೇ ಮರದ ಹಲಗೆ, ಯಾರು ಉಸಿರಾಡಿದರೂ ಕುಣಿಯುತ್ತದೆ. ವರ್ಬಾನ್ ನಕ್ಕು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದ. ಇಷ್ಟು ಅನ್ಯಾಯದ ಮಾತನ್ನು ಇಪ್ಪತ್ತು ವರ್ಷದ ನೌಕರಿಯಲ್ಲಿ ಕೇಳಿರಲಿಲ್ಲ. ಕೋಪಕ್ಕೆ ಕಾಲು ತಾನಾಗಿ ಕುಟ್ಟತೊಡಗಿತು. ಪಾಪ, ಗಾನ್ಚೊ ನೆಲ ನೋಡುತ್ತ ಕೂತಿದ್ದ.

ಏಪ್ರಿಲ್ 22, ಗುರುವಾರ

ಮೂರು ಉಳಿದಿವೆ. ಬರೆಯಲು ಮನಸ್ಸಿಲ್ಲ.

ಇಲಿ ಬೋನಿನ ಹಾಗಿರುವ ಈ ಕೋಣೆಯಲ್ಲಿ ದಿನವಿಡೀ ಕೂತು ಗಾನ್ಚೊಗೆ ಕೊಕ್ಕರೆಯೂ ಕಾಣಲಿಲ್ಲ, ಹೂವಿನ ಗಿಡವೂ ಕಾಣಲಿಲ್ಲ. ಕೆಂಪು ಬಿಳಿ ದಾರ ಕೊಳೆಯಾಗಿ ಒಂದೇ ಬಣ್ಣವಾಗಿದೆ. ಊಟಕ್ಕೆ ತನ್ನ ಬನಿತ್ಸಾ ರೊಟ್ಟಿಯನ್ನು ಸರಿಯಾಗಿ ಎರಡು ಪಾಲು ಮಾಡಿ ಒಂದನ್ನು ನನ್ನ ಕಡೆ ತಳ್ಳುತ್ತಾನೆ. ಮೊದಲು ಬೇಡ ಎನ್ನುತ್ತಿದ್ದೆ. ಈಗ ಯಾಕೆ ಸುಮ್ಮನೆ ಅವನ ಮನಸ್ಸು ನೋಯಿಸಬೇಕು ಎಂದು ತಿನ್ನುತ್ತೇನೆ. ಒಳಗಿನ ಗಿಣ್ಣು ಚೆನ್ನಾಗಿರುತ್ತದೆ.

ಏಪ್ರಿಲ್ 27, ಮಂಗಳವಾರ

ಇವತ್ತು ನಡೆದದ್ದನ್ನು ಬರೆದಿಡುತ್ತೇನೆ, ಮುಂದೆ ವಿಚಾರಣೆ ಏನಾದರೂ ಆದರೆ ಬೇಕಾಗಬಹುದು.

ಪ್ಲೇಟು ಹಾಕಿದೆ. ಲೇಸರಿನ ಮುಂದಿನ ರಟ್ಟು ಎತ್ತಿದೆ. ನಲವತ್ತು ಸೆಕೆಂಡು. ಗಾನ್ಚೊ ಉಸಿರು ಬಿಗಿಹಿಡಿದು ಕೂತಿದ್ದ, ಮುಖ ಬೀಟ್‌ರೂಟಾಗಿತ್ತು. ಟ್ರಾಮು ಇರಲಿಲ್ಲ, ಸಮಿತಿ ಊಟಕ್ಕೆ ಹೋಗಿತ್ತು. ಆದರೂ ಪಟ್ಟೆಗಳು ಕುಣಿದವು. ತೊಳೆದೆ. ಕಪ್ಪು. ನಾನು ಅವನ ಮೇಲೆ ಕೂಗಾಡಿದೆ. ನಿನ್ನ ಶ್ವಾಸಕೋಶ, ನಿನ್ನ ಹೊಟ್ಟೆ, ನಿನ್ನ ಹಾಳು ಪುಸ್ತಕ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ.

ಅವನು ಪೂರ್ತಿ ಕೇಳಿಸಿಕೊಂಡು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮೇಷ್ಟ್ರೇ, ನಾನು ಹಳ್ಳಿಯವ್ನು, ನಿಮ್ಮ ಬೆಳಕು ನಂಗೆ ತಿಳೀಯಾಕಿಲ್ಲ. ಆದ್ರೆ ಒಂದು ತಿಂಗ್ಳಿಂದ ಆ ಗೋಡೆ ನೋಡ್ತಾ ಕೂತಿವ್ನಿ. ನೀವು ಹೊರಗೋದಾಗ್ಲೆಲ್ಲ ಅದು ನಿಂತ್ಕತದೆ. ನೀವು ಬಂದು ಕೂತ್ರೆ ಕುಣೀತದೆ. ನಿಮ್ಮ ಬಲಗಾಲು ಮೇಷ್ಟ್ರೇ. ಮಷಿನ್ನು ಹೊಲಿದಂಗೆ ಹೊಲೀತಾ ಇರ್ತದೆ. ನಿಮಗೇ ಗೊತ್ತಾಗಾಕಿಲ್ಲ."

ವ್ಯತಿಕರಣದ, ಅಂದರೆ ಬೆಳಕಿನ ಅಲೆಗಳ ಕೂಡಾಟದ ಮೇಲೆ ಹದಿನಾಲ್ಕು ಪ್ರಬಂಧ ಬರೆದವನಿಗೆ ಕುರಿ ಕಾಯುವ ಊರಿನ ಪೊಲೀಸಿನವನು ಕಾಲಿನ ಪಾಠ ಹೇಳುತ್ತಾನೆ. ಮನೆಗೆ ಬಂದು ಸ್ನೆಝಾಗೆ ಹೇಳಿದೆ. ಅವಳು ಸಾರು ಬಡಿಸುತ್ತಿದ್ದವಳು ನಿಂತು, "ಅವರು ಬಂದು ಒಂದು ತಿಂಗಳಾಯ್ತು ಅಲ್ವಾ ರೀ? ನಾನು ಇಪ್ಪತ್ತೆರಡು ವರ್ಷದಿಂದ ಹೇಳ್ತಿದ್ದೀನಿ," ಎಂದಳು. ಹೆಂಗಸರು ಹೊರಗಿನವರ ಪಕ್ಷ ವಹಿಸುವುದು ಹೊಸದೇನಲ್ಲ.

ಎರಡು ಪ್ಲೇಟು.

ಏಪ್ರಿಲ್ 29, ಗುರುವಾರ

ಅವನ ಮಾತು ಸುಳ್ಳೆಂದು ತೋರಿಸಲು ಎರಡು ಕೈಯಲ್ಲೂ ಬಲ ಮೊಣಕಾಲು ಒತ್ತಿ ಹಿಡಿದು ಕೂತೆ. ಹಾಗೆ ಹಿಡಿದರೆ ರಟ್ಟು ಎತ್ತಲು ಕೈ ಉಳಿಯುವುದಿಲ್ಲ ಎಂದು ಆಮೇಲೆ ಹೊಳೆಯಿತು. ಹಲ್ಲಿನಿಂದ ಎತ್ತಿದೆ. ರಟ್ಟು ಜಾರಿ ಕನ್ನಡಿಯ ಮೇಲೆ ಬಿತ್ತು.

ಒಂದೇ ಒಂದು ಪ್ಲೇಟು ಉಳಿದಿದೆ. ಕೋಣೆಯ ಅಳತೆ ಮತ್ತೊಮ್ಮೆ ನೋಡಲು ಬಡಗಿ ಬಂದಿದ್ದ. ನಾನು ಕತ್ತಲಲ್ಲೇ ಕೂತು ಅತ್ತೆ. ಪ್ಯಾರಿಸ್ಸಿಗಾಗಿ ಅಲ್ಲ ಎನಿಸುತ್ತದೆ. ಆ ಜಜ್ಜಿದ ಕಿವಿಯ ಕುದುರೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಮೂರು ವರ್ಷ ಅಲೆಯುವುದು ನೆನೆದು ದುಃಖ ಬಂತು. ಗಾನ್ಚೊ ಕಂಡೂ ಕಾಣದವನ ಹಾಗೆ ದಾರ ಸುತ್ತುತ್ತಿದ್ದ.

ಮೇ 3, ಸೋಮವಾರ

ಉಪಾಯ ನನಗೇ ಹೊಳೆಯಿತು. ಗಾನ್ಚೊನ ಉಸಿರಾಟದ ತೊಂದರೆ ತಪ್ಪಿಸಬೇಕಾದರೆ ಅವನು ಹೊರಗಿರಬೇಕು. ಅವನೊಬ್ಬನನ್ನೇ ಹೊರಗೆ ಕಳಿಸುವುದು ಸೌಜನ್ಯವಲ್ಲ, ಹಾಗಾಗಿ ನಾನೂ ಹೊರಗಿರಬೇಕು. ದಾರಿ ಅಳೆಯುವ ದಾರವನ್ನು ರಟ್ಟಿಗೆ ಕಟ್ಟಿ ಬಾಗಿಲಡಿಯಿಂದ ಮೆಟ್ಟಿಲ ತನಕ ಎಳೆದರಾಯಿತು.

"ನನ್ನ ಉಸಿರೇ ಅನ್ನಿ ಮೇಷ್ಟ್ರೇ," ಎಂದ ಗಾನ್ಚೊ. "ಆದ್ರೆ ಪುಸ್ತಕ ಏನು ಮಾಡಾದು?"

ಪುಸ್ತಕ ತೆಗೆದು ಇಬ್ಬರೂ ಓದಿದೆವು. ಸಮವಸ್ತ್ರ ಒಂದು ಮೀಟರಿನ ಒಳಗೆ ಕಾಣುತ್ತಿರಬೇಕು ಎಂದು ಬರೆದಿದೆ. ಅದರೊಳಗೆ ಯಾರು ಇರಬೇಕು ಎಂದು ಬರೆದವರು ಯೋಚಿಸಿಲ್ಲ. ಗಾನ್ಚೊ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಕಾವಲಿನ ಹೊತ್ತಿನಲ್ಲಿ ಒಂದು ಗುಂಡಿಯನ್ನೂ ಬಿಚ್ಚಿದವನಲ್ಲವಂತೆ. ಸಿಕ್ಕಿಬಿದ್ದರೆ ಪಿಂಚಣಿಯಿಲ್ಲ, ಮನೆಗೆ. ಆಮೇಲೆ ಎದ್ದು ಕೋಟು ಬಿಚ್ಚಿದ. ಚಪ್ಪಡಿಯ ಮೇಲೆ, ಪಾತ್ರೆಯ ಬೆನ್ನಿಗೇ ಒಂದು ಕಬ್ಬಿಣದ ಕಂಬ ನಿಲ್ಲಿಸಿ ಅದಕ್ಕೆ ಕೋಟು ತೊಡಿಸಿದ. ತುದಿಗೆ ಟೋಪಿಯಿಟ್ಟು, ಎರಡು ಹೆಜ್ಜೆ ಹಿಂದೆ ಬಂದು, ಅದಕ್ಕೆ ಒಂದು ಸಲ್ಯೂಟ್ ಹೊಡೆದ.

ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು, ಅವನು ಬನಿಯನ್ನಿನಲ್ಲಿ. ಕಲ್ಲು, ಗಾಳಿ ಎಲ್ಲ ನೆಲೆಗೊಳ್ಳಲಿ ಎಂದು ಕಾಲು ಗಂಟೆ ಕಾದೆವು. ಬನಿತ್ಸಾ ತಿಂದೆವು. ದಾರ ಎಳೆದು ಎಣಿಸತೊಡಗಿದಾಗ ಗಾನ್ಚೊ ನನ್ನ ಬಲ ಮೊಣಕಾಲಿನ ಮೇಲೆ ಕೈಯಿಟ್ಟ. ಯಾಕೋ ಗೊತ್ತಿಲ್ಲ. ವಿಶ್ವಾಸದಿಂದ ಇರಬೇಕು. ಅಂಗೈ ಬೆಚ್ಚಗಿತ್ತು. ನಲವತ್ತು ಎಣಿಸಿ ದಾರ ಬಿಟ್ಟ ಮೇಲೂ ಇಬ್ಬರೂ ಸುಮ್ಮನೆ ಕೂತಿದ್ದೆವು.

ತೊಳೆದೆ. ಒಣಗಿಸಿದೆ. ಪಾತ್ರೆಯನ್ನು ಪೆಟ್ಟಿಗೆಗೆ ಹಾಕಿ, ಖಾಲಿ ಚಪ್ಪಡಿಯ ಮುಂದೆ ಪ್ಲೇಟು ನಿಲ್ಲಿಸಿ ಬೆಳಕು ಬಿಟ್ಟೆ. ಗಾಜಿನ ಹಿಂದೆ ಕುದುರೆ ಬಂದು ನಿಂತಿತು. ತಲೆ ಎಡಕ್ಕೆ ಸರಿಸಿದರೆ ಕೆನ್ನೆ, ಬಲಕ್ಕೆ ಸರಿಸಿದರೆ ಜಜ್ಜಿದ ಕಿವಿ. ಗಾನ್ಚೊ ಕೈ ಚಾಚಿ ಹಿಡಿಯಲು ಹೋದ, ಬೆರಳು ಕುದುರೆಯ ಮೂಗಿನೊಳಗೇ ಹಾದುಹೋಯಿತು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಸ್ನೆಝಾ ಇದನ್ನು ಓದಬಾರದು.

ಮೇ 4, ಮಂಗಳವಾರ

ವರ್ಬಾನ್ ನೋಡಿದ. ಮೊದಲು ಬಾಯಿ ತೆರೆದ, ಆಮೇಲೆ ಮುಖ ಬಿಳಿಚಿಕೊಂಡಿತು. ಕುದುರೆಯ ಹಿಂದೆ ಟೋಪಿ ಕಾಣುತ್ತಿತ್ತು. ದಪ್ಪ ಟೋಪಿ, ಅಲುಗಿರಲಿಲ್ಲ, ನಕ್ಷತ್ರದ ಐದೂ ಮೂಲೆ ಸ್ಪಷ್ಟವಾಗಿ ಬಂದಿದ್ದವು. ಕೋಟಿನ ಬಟ್ಟೆ ಮಾತ್ರ ಗಾಳಿಗೆ ಅದುರಿರಬೇಕು. ಅದುರಿದ್ದು ಪ್ಲೇಟಿನಲ್ಲಿ ಮೂಡುವುದಿಲ್ಲ. ಹಾಗಾಗಿ ಟೋಪಿಯ ಕೆಳಗೆ ಮನುಷ್ಯನಾಕಾರದ ಗಾಢ ಕತ್ತಲೆ.

"ಇದರ ಕೆಳಗಿರೋ ಮನುಷ್ಯ ಎಲ್ಲಿ?" ಎಂದ ವರ್ಬಾನ್, ಪಿಸುಮಾತಿನಲ್ಲಿ. "ಸರ್ಕಾರದ ಟೋಪಿ ಕೆಳಗೆ ಏನೂ ಇಲ್ಲ ಅಂತ ಪ್ಯಾರಿಸ್ಸಿನಲ್ಲಿ ತೋರಿಸೋಕೆ ಹೊರಟಿದ್ದೀರಾ?"

ಗೃಹ ಸಚಿವಾಲಯದವರನ್ನು ಕರೆಸಿದ. ಬಂದವರು ದಪ್ಪ ಕನ್ನಡಕದ ಒಬ್ಬ ಹಿರಿಯರು. ಪ್ಲೇಟಿನ ಮುಂದೆ ಆಚೆ ಈಚೆ ವಾಲಿ ಹತ್ತು ನಿಮಿಷ ನೋಡಿದರು. ಗಾನ್ಚೊ ಮೂಲೆಯಲ್ಲಿ ಅದೇ ಕೋಟು ಟೋಪಿಯಲ್ಲಿ ನೆಟ್ಟಗೆ ನಿಂತಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು. ಅವನ ಮೂವತ್ತೊಂದು ವರ್ಷ ಆ ಮುದುಕರ ನಾಲಿಗೆಯ ತುದಿಯಲ್ಲಿತ್ತು. ಹೊಣೆ ನನ್ನದು ಎಂದೆ. ಟೋಪಿ ಇಟ್ಟವನು ನಾನು, ಸಾರ್ಜೆಂಟರದ್ದು ಏನೂ ತಪ್ಪಿಲ್ಲ. ಹೇಗೆ ಬಾಯಿಂದ ಬಂತೋ, ಬಂದುಬಿಟ್ಟಿತು.

"ತಪ್ಪು ಯಾವುದಪ್ಪ?" ಎಂದರು ಹಿರಿಯರು. "ಕಾವಲು ಕಾಣುತ್ತೆ, ಕಾವಲುಗಾರ ಕಾಣಲ್ಲ. ನಾವು ಮೂವತ್ತು ವರ್ಷದಿಂದ ಇದನ್ನೇ ಮಾಡೋಕೆ ನೋಡ್ತಿದ್ದೀವಿ."

ಕೂಡಲೇ ವರ್ಬಾನ್, ಇದು ತನ್ನದೇ ಕಲ್ಪನೆ ಎಂದ. ಬರೀ ಟೋಪಿಯ ಇನ್ನೂ ಮೂರು ಹಾಲೊಗ್ರಾಮ್ ಬೇಕಂತೆ, ಹಾಗಾಗಿ ಪ್ರಯೋಗಾಲಯ ಉಳಿಯಿತು. ಪಾತ್ರೆ ಊರಿಗೆ. ಪ್ಯಾರಿಸ್ಸಿಗೆ ವರ್ಬಾನ್ ಹೋಗುತ್ತಾನೆ. ಮರೆತಿದ್ದೆ, ಬಡಗಿಗೆ ಬರಬೇಡ ಎಂದು ಹೇಳಿ ಕಳಿಸಬೇಕು.

ಚೆರ್ವೆನ್ ದೋಲ್, ಮೇ 6, ಗುರುವಾರ

ಪಾತ್ರೆಯನ್ನು ಕೈಯಾರೆ ತಲುಪಿಸಿ ಸಹಿ ಪಡೆಯಲು ತಜ್ಞರೊಬ್ಬರು ಬೇಕೆಂದು ಗಾನ್ಚೊನ ಪುಸ್ತಕದಲ್ಲಿ ಇದೆಯಂತೆ. ನಾನು ಪುಟ ಕೇಳಲಿಲ್ಲ. ಸ್ನೆಝಾಳನ್ನೂ ಕರೆದುಕೊಂಡು ಬಂದೆ. ಪ್ಯಾರಿಸ್ಸಿನ ಪಟ್ಟಿಯ ಹಿಂಬದಿಯಲ್ಲಿ ಅವಳು ಗಾನ್ಚೊನ ಹೆಂಡತಿ ಹೇಳಿದ ಉಪ್ಪಿನಕಾಯಿಯ ಕ್ರಮ ಬರೆದುಕೊಳ್ಳುತ್ತಿದ್ದಾಳೆ.

ದಾರಿಯಲ್ಲಿ ಒಂದು ಚಿಮಣಿಯ ಮೇಲೆ ಕೊಕ್ಕರೆ ಗೂಡು ಕಟ್ಟಿತ್ತು. ಗಾನ್ಚೊ ಬಸ್ಸು ನಿಲ್ಲಿಸಿ ಇಳಿದು, ಹೂವೆಲ್ಲ ಉದುರಿದ ಪ್ಲಮ್ ಗಿಡಕ್ಕೆ ಆ ಕೊಳೆ ದಾರ ಕಟ್ಟಿ ಬಂದ. ಬಸ್ಸಿನಲ್ಲಿದ್ದವರು ಯಾರೂ ಗೊಣಗಲಿಲ್ಲ.

ಪಾತ್ರೆ ತನ್ನ ಗಾಜಿನ ಪೆಟ್ಟಿಗೆ ಸೇರಿತು. ಊರಿನ ಮುದುಕಿಯರು ಸಾಲಾಗಿ ಬಂದು ಕಿವಿ ಸರಿಯಾಗಿದೆಯೇ ಎಂದು ಪರೀಕ್ಷಿಸಿದರು, ಜಜ್ಜಿದ್ದು ಜಜ್ಜಿದ ಹಾಗೇ ಇದೆ ಎಂದು ಸಮಾಧಾನಪಟ್ಟರು. ಗಾನ್ಚೊನ ಅವ್ವನೂ ಹೆಂಡತಿಯೂ ಒಂದೇ ಅಡಿಗೆಮನೆಯಲ್ಲಿ ಕುರಿಮರಿ ಬೇಯಿಸುತ್ತಿದ್ದರು. ಜಗಳವೇನೂ ಕೇಳಿಸಲಿಲ್ಲ.

ಅಂಗಳದಲ್ಲಿ ಉದ್ದನೆಯ ಮೇಜು ಹಾಕಿದ್ದರು. ನನ್ನ ಮುಂದೆ ಗ್ಲಾಸಿನ ಅಂಚಿನವರೆಗೆ ರಕಿಯಾ ಎಂಬ ಹಣ್ಣಿನ ಸಾರಾಯಿ ತುಂಬಿಸಿದರು. ಸಂಜೆಯ ತನಕ ಕೂತಿದ್ದೆವು. ಹನಿಯೂ ತುಳುಕಲಿಲ್ಲ, ಮೇಲಿನ ಆಕಾಶ ಅದರೊಳಗೆ ನೆಟ್ಟಗೆ ನಿಂತಿತ್ತು. ಸ್ನೆಝಾ ಬಹಳ ಹೊತ್ತು ಗ್ಲಾಸನ್ನೇ ನೋಡುತ್ತಿದ್ದಳು. ಆಮೇಲೆ ಬಗ್ಗಿ ಮೇಜಿನ ಕೆಳಗೆ ನನ್ನ ಬಲಗಾಲನ್ನು ನೋಡಿದಳು.

ಈ ಮೇಜು ಮಾಡಿದ ಬಡಗಿ ಯಾರೆಂದು ಗಾನ್ಚೊನನ್ನು ಕೇಳಬೇಕು. ಇಷ್ಟು ಗಟ್ಟಿಯಾದ ಮೇಜು ನಾನು ಬೇರೆಲ್ಲೂ ಕಂಡಿಲ್ಲ.